ಗುಮ್ಮನನ್ನು ಮಾಡಿ ನೋಡಿ

ಮಳೆಗಾಲದ ರಾತ್ರಿ ಗೋಕಾಕ ಫಾಲ್ಸಿನಲ್ಲಿ ಮಲಗುವವರಿಗೆ ಬೇರೆ ಜೋಗುಳ ಬೇಡ. ಘಟಪ್ರಭೆ ಸುಮಾರು 170 ಅಡಿ ಮೇಲಿನಿಂದ ಧುಮುಕುವ ಸದ್ದೇ ಸಾಕು. ಅಂಥದೊಂದು ರಾತ್ರಿ ಕರೆಂಟು ಹೋಗಿದೆ, ಎಂಟು ವರ್ಷದ ಹುಡುಗನೊಬ್ಬ ಹಿತ್ತಲಿನ ಪಾಯಖಾನೆಗೆ ಹೋಗಬೇಕಾಗಿದೆ ಎಂದು ಭಾವಿಸಿ.

"ಅವ್ವಾ, ನೀನೂ ಬಾ."

"ಇಷ್ಟು ದೊಡ್ಡಾಂವ ಆಗಿ ಇನ್ನೂ ಅಂಜತಿ ಅಲ್ಲೋ? ಹೋಗಿ ಬಾ."

"ಒಲ್ಲೆ. ಅಲ್ಲಿ ಗುಮ್ಮ ಅದಾನ."

ಆ ಗುಮ್ಮನನ್ನು ಹಿತ್ತಲಿಗೆ ಕರೆತಂದವರು ಯಾರು? ಹುಡುಗ ಕೂಸಾಗಿದ್ದಾಗ, ಊಟ ಮಾಡದೆ ಹಟ ಹಿಡಿದಾಗ, ಅವ್ವನೇ ಕರೆದಿದ್ದಳು. ಅವಳನ್ನು ದೂರಬೇಕಾಗಿಲ್ಲ. ಅವಳನ್ನು ಅವಳ ತಾಯಿಯೂ ಹೀಗೆಯೇ ಅಂಜಿಸಿದ್ದಳು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಕೀರ್ತನೆ ಪುರಂದರದಾಸರದು. ದಾಸರು 16ನೆಯ ಶತಮಾನದವರು. ಎಂದರೆ ಕನ್ನಡದ ಮನೆಗಳಲ್ಲಿ ಗುಮ್ಮನಿಗೆ ಹೆಚ್ಚುಕಡಿಮೆ ಐದು ನೂರು ವರ್ಷದ ವಯಸ್ಸು. ಇಷ್ಟು ದಿನದಲ್ಲಿ ಅವನನ್ನು ಕಂಡವರು ಒಬ್ಬರೂ ಇಲ್ಲ. ಹಾಗಿದ್ದರೆ ಒಮ್ಮೆ ಅವನನ್ನು ಮಾಡಿಯೇ ನೋಡಬಾರದೇಕೆ? ಯಾರಾದರೂ ಹತ್ತಿರ ಸುಳಿದೊಡನೆ ಕೆಂಗಣ್ಣು ತೆರೆದು ಕಿರ್ರೆಂದು ಕೂಗುವ ಗುಮ್ಮ. ಏಳನೆಯ ಇಯತ್ತೆಯ ವಿದ್ಯಾರ್ಥಿ ರವಿವಾರದ ಒಂದು ಮಧ್ಯಾಹ್ನದಲ್ಲಿ ಅವನನ್ನು ಕಟ್ಟಿ ಮುಗಿಸಬಹುದು.

ಅಂಜಿಸುವ ಆಟ ಎಲ್ಲ ದೇಶಗಳಲ್ಲಿಯೂ ಇದೆ. ಅಮೆರಿಕದಲ್ಲಿ ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಎಂಬ ಹಬ್ಬ. ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ದೀಪವಿಟ್ಟು ಬಾಗಿಲಲ್ಲಿ ಕೂಡಿಸುತ್ತಾರೆ. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಆ ಗುಂಪಿನಲ್ಲಿರುತ್ತಾರೆ. ಬಾಗಿಲಿಗೆ ಬಂದವರನ್ನು ಕಂಡು ತಾನಾಗಿಯೇ ಅಲುಗುವ, ಕಿರುಚುವ ಗೊಂಬೆಗಳೂ ಆ ಹಬ್ಬದ ಸಾಮಾನು. ನಮ್ಮ ಕಡೆ ಹೊಲದ ಬೆದರುಗೊಂಬೆಗೆ ಒಡೆದ ಗಡಿಗೆಯೇ ತಲೆ, ಸುಣ್ಣದ ಬೊಟ್ಟೇ ಕಣ್ಣು. ಹೊಸ ಮನೆ ಕಟ್ಟುವಾಗ ದೃಷ್ಟಿಗೊಂಬೆ ತೂಗಬಿಡುತ್ತಾರೆ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು, ತರಕಾರಿ, ದೇವರ ಮೂರ್ತಿಗಳಿಗೆ ಗೋಕಾಕ ಮೊದಲಿನಿಂದಲೂ ಹೆಸರಾದ ಊರು. ಗೊಂಬೆ ಮಾಡುವ ಕೈ ಈ ಸೀಮೆಗೆ ಹೊಸದಲ್ಲ. ಆ ಗೊಂಬೆಗೆ ಒಂದು ಕಣ್ಣು, ಒಂದು ನರ ಜೋಡಿಸುವುದಷ್ಟೇ ಹೊಸದು.

ಬೇಕಾಗುವ ಸಾಮಾನು

ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಇವೆಲ್ಲ ದೊರೆಯುತ್ತವೆ. ಅಂಚೆ, ಕೊರಿಯರ್ ಮೂಲಕವೂ ತರಿಸಬಹುದು.

ಪಿಐಆರ್ ಸೆನ್ಸರ್ (ಎಚ್‌ಸಿ-ಎಸ್‌ಆರ್ 501) ಒಂದು.
ಬಿಸಿ 547 ಟ್ರಾನ್ಸಿಸ್ಟರ್ ಒಂದು.
ಕೆಂಪು ಎಲ್‌ಇಡಿ ದೀಪ ಎರಡು.
220 ಓಮ್ ರೆಸಿಸ್ಟರ್ ಎರಡು (ಪಟ್ಟಿಗಳ ಬಣ್ಣ ಕೆಂಪು, ಕೆಂಪು, ಕಂದು).
1 ಕಿಲೋ ಓಮ್ ರೆಸಿಸ್ಟರ್ ಒಂದು (ಕಂದು, ಕಪ್ಪು, ಕೆಂಪು).
5 ವೋಲ್ಟಿನ, ಬ್ಯಾಟರಿ ಜೋಡಿಸಿದೊಡನೆ ತಾನೇ ಕೂಗುವ ಸಣ್ಣ ಬಜರ್ ಒಂದು.
ನಾಲ್ಕು ಪೆನ್ಸಿಲ್ ಸೆಲ್ಲು, ಅವನ್ನು ಕೂಡಿಸುವ ಡಬ್ಬಿ.
ಬ್ರೆಡ್‌ಬೋರ್ಡ್ ಒಂದು, ಜಂಪರ್ ವೈರುಗಳು. ಇವುಗಳಲ್ಲಿ ಮೂರು ವೈರಿಗೆ ಒಂದು ತುದಿಯಲ್ಲಿ ತೂತಿರಬೇಕು, ಸೆನ್ಸರಿನ ಕಡ್ಡಿಗಳಿಗೆ ಸಿಕ್ಕಿಸಲು.
ಬೂಟಿನ ರಟ್ಟಿನ ಡಬ್ಬಿ, ಬಣ್ಣ, ಹಳೆಯ ಬಟ್ಟೆ.

ಕಾಯಿಸಿ ಬೆಸೆಯುವ ಕೆಲಸ ಇಲ್ಲವೇ ಇಲ್ಲ. ಬ್ರೆಡ್‌ಬೋರ್ಡಿನಲ್ಲಿ ಐದೈದು ತೂತಿನ ಸಾಲುಗಳಿರುತ್ತವೆ. ಒಂದು ಸಾಲಿನ ಐದೂ ತೂತು ಒಳಗಿನಿಂದ ಕೂಡಿಕೊಂಡಿರುತ್ತವೆ. ಅಂಚಿನ ಉದ್ದನೆಯ ಸಾಲುಗಳಲ್ಲಿ ಒಂದು ಪ್ಲಸ್, ಒಂದು ಮೈನಸ್. ಇಷ್ಟು ತಿಳಿದರೆ ಸಾಕು.

ಜೋಡಿಸುವ ಬಗೆ

ಸೆಲ್ಲುಗಳನ್ನು ಕೊನೆಯಲ್ಲಿ ಹಾಕಬೇಕು. ಮೊದಲು ಸೆಲ್ಲಿನ ಡಬ್ಬಿಯ ಕೆಂಪು ವೈರನ್ನು ಪ್ಲಸ್ ಸಾಲಿಗೂ ಕಪ್ಪು ವೈರನ್ನು ಮೈನಸ್ ಸಾಲಿಗೂ ಸಿಕ್ಕಿಸಿ.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿಯಿರಿ. ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಮೂರೂ ಕಾಲು ಮೂರು ಬೇರೆ ಸಾಲಿನಲ್ಲಿ ಕೂಡಬೇಕು. ಎಮಿಟರನ್ನು ಮೈನಸ್ ಸಾಲಿಗೆ ಜೋಡಿಸಿ.

ಸೆನ್ಸರಿನ ಮೇಲಿನ ಬಿಳಿ ಗುಮ್ಮಟವನ್ನು ಮೆಲ್ಲಗೆ ಎತ್ತಿದರೆ ಮೂರು ಕಡ್ಡಿಗಳ ಹೆಸರು ಕಾಣುತ್ತದೆ. ‘ವಿಸಿಸಿ’ ಎಂದಿರುವುದು ಪ್ಲಸ್ ಸಾಲಿಗೆ, ‘ಜಿಎನ್‌ಡಿ’ ಎಂದಿರುವುದು ಮೈನಸ್ ಸಾಲಿಗೆ. ‘ಔಟ್’ ಎಂದಿರುವುದು 1 ಕಿಲೋ ಓಮ್ ರೆಸಿಸ್ಟರಿನ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ. ಹೆಸರು ನೋಡಿದ ಮೇಲೆ ಗುಮ್ಮಟವನ್ನು ಮತ್ತೆ ಕೂಡಿಸಿ.

ಎಲ್‌ಇಡಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ. ಉದ್ದ ಕಾಲನ್ನು 220 ಓಮ್ ರೆಸಿಸ್ಟರಿನ ಮೂಲಕ ಪ್ಲಸ್ ಸಾಲಿಗೆ, ಗಿಡ್ಡ ಕಾಲನ್ನು ಕಲೆಕ್ಟರಿಗೆ ಜೋಡಿಸಿ. ಎರಡೂ ದೀಪಕ್ಕೆ ತಮ್ಮತಮ್ಮದೇ ರೆಸಿಸ್ಟರ್ ಇರಲಿ. ಬಜರಿನ ಪ್ಲಸ್ ಕಾಲು ಪ್ಲಸ್ ಸಾಲಿಗೆ, ಇನ್ನೊಂದು ಕಲೆಕ್ಟರಿಗೆ.

ಈಗ ಸೆಲ್ಲು ಹಾಕಿ, ಒಂದು ನಿಮಿಷ ದೂರ ನಿಲ್ಲಿ. ಸೆನ್ಸರಿಗೆ ಎಚ್ಚರಗೊಳ್ಳಲು ಅಷ್ಟು ಹೊತ್ತು ಬೇಕು. ಆ ನಿಮಿಷದಲ್ಲಿ ಅದು ಒಂದೆರಡು ಸಲ ಸುಮ್ಮನೆ ಕೂಗಿದರೆ ಗಾಬರಿಯಾಗಬೇಡಿ. ಆಮೇಲೆ ಎದುರು ಹಾದುಹೋಗಿ. ಕೆಂಗಣ್ಣು ತೆರೆಯಬೇಕು, ಕೂಗು ಕೇಳಬೇಕು.

ಸೆನ್ಸರಿನ ಮೇಲೆ ಎರಡು ಸಣ್ಣ ತಿರುಪುಗಳಿವೆ. ಒಂದು ಎಷ್ಟು ದೂರದವರೆಗೆ ಕಾಣಬೇಕೆಂಬುದಕ್ಕೆ, ಸುಮಾರು 3ರಿಂದ 7 ಮೀಟರ್. ಇನ್ನೊಂದು ಎಷ್ಟು ಹೊತ್ತು ಉರಿಯಬೇಕೆಂಬುದಕ್ಕೆ, ಕೆಲವು ಸೆಕೆಂಡಿನಿಂದ ಕೆಲವು ನಿಮಿಷದವರೆಗೆ. ಗುಮ್ಮನಿಗೆ ಕೆಲವು ಸೆಕೆಂಡು ಸಾಕು. ಹೆಚ್ಚು ಹೊತ್ತು ಕೂಗುವ ಗುಮ್ಮನಿಗೆ ಯಾರೂ ಅಂಜುವುದಿಲ್ಲ, ನೆರೆಮನೆಯವರು ಬೈಯುತ್ತಾರೆ ಅಷ್ಟೆ.

ಡಬ್ಬಿಗೆ ಮೋರೆ ಬರೆದು, ಕಣ್ಣಿನ ಜಾಗದಲ್ಲಿ ಎರಡು ತೂತು ಕೊರೆದು ಎಲ್‌ಇಡಿ ಕೂಡಿಸಿ. ಬಾಯಿಯಲ್ಲಿ ಸೆನ್ಸರಿನ ಬಿಳಿ ಗುಮ್ಮಟ ಹೊರಗೆ ಇಣುಕುವಂತಿರಲಿ. ಅದರ ಮೇಲೆ ಬಟ್ಟೆಯನ್ನಾಗಲಿ ಬಣ್ಣವನ್ನಾಗಲಿ ಹಾಕಬಾರದು. ಗುಮ್ಮನ ನಿಜವಾದ ಕಣ್ಣು ಅದೇ. ಕೆಂಪು ದೀಪಗಳು ಬರೀ ವೇಷ.

ಅವನಿಗೆ ಹೇಗೆ ಕಾಣುತ್ತದೆ?

1800ನೆಯ ಇಸವಿಯಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಏಳು ಬಣ್ಣ ಬಿಡಿಸಿದ. ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವಿಟ್ಟು ಬಿಸಿ ಅಳೆದ. ಕೆಂಪಿನಾಚೆ, ಕಣ್ಣಿಗೆ ಏನೂ ಕಾಣದ ಕಡೆ ಇಟ್ಟ ಮಾಪಕದಲ್ಲಿಯೂ ಪಾದರಸ ಏರಿತು. ಕಾಣದ ಆ ಬೆಳಕಿಗೆ ಇಂದು ಅವಕೆಂಪು ಕಿರಣ ಎನ್ನುತ್ತಾರೆ.

ಬಿಸಿಯಿರುವ ವಸ್ತುಗಳೆಲ್ಲ ಇದನ್ನು ಸೂಸುತ್ತವೆ. ಮನುಷ್ಯನ ಮೈಯೂ ಸೂಸುತ್ತದೆ. ನಮ್ಮ ಮೈಯಿಂದ ಹೊರಡುವ ಈ ಬೆಳಕಿನ ಅಲೆಯ ಉದ್ದ ಹೆಚ್ಚಾಗಿ 9-10 ಮೈಕ್ರೋಮೀಟರ್ ಆಸುಪಾಸು. ಕಣ್ಣು ಕಾಣಬಲ್ಲುದು 0.4ರಿಂದ 0.7 ಮೈಕ್ರೋಮೀಟರ್ ಮಾತ್ರ. ಹೀಗಾಗಿ ಕಗ್ಗತ್ತಲೆಯಲ್ಲಿಯೂ ಒಬ್ಬೊಬ್ಬ ಮನುಷ್ಯನೂ ಒಂದು ದೀಪದಂತೆ ಬೆಳಗುತ್ತಿರುತ್ತಾನೆ. ನಮಗೆ ಅದು ಕಾಣುವುದಿಲ್ಲ, ಅಷ್ಟೆ.

ಸೆನ್ಸರಿನ ಒಳಗೆ ಒಂದು ವಿಶೇಷ ಹರಳು ಇದೆ. ಅದರ ಬಿಸಿ ಏರಿಳಿದರೆ ವಿದ್ಯುತ್ತು ಹುಟ್ಟುತ್ತದೆ. ಟೂರ್ಮಲೀನ್ ಎಂಬ ಹರಳನ್ನು ಕಾಯಿಸಿದರೆ ಬೂದಿಯನ್ನು ಸೆಳೆಯುತ್ತದೆಂಬುದು 18ನೆಯ ಶತಮಾನದ ಮೊದಲಿಗೇ ಯೂರೋಪಿನವರಿಗೆ ಗೊತ್ತಾಗಿತ್ತು. ಅದೇ ಗುಣ ಇದು. ಸೆನ್ಸರಿನಲ್ಲಿ ಈ ಹರಳು ಅಕ್ಕಪಕ್ಕ ಎರಡು ತುಂಡಾಗಿರುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಅವು ಒಂದನ್ನೊಂದು ತೂಗುತ್ತವೆ. ಎರಡರ ಮೇಲೂ ಒಂದೇ ಸಮ ಬಿಸಿ ಬಿದ್ದರೆ ಏನೂ ಆಗದು. ಯಾರಾದರೂ ಹಾದುಹೋದರೆ ಮೊದಲು ಒಂದು ತುಂಡಿಗೆ, ಆಮೇಲೆ ಇನ್ನೊಂದಕ್ಕೆ ಬಿಸಿ ತಾಕುತ್ತದೆ. ತಕ್ಕಡಿ ಅಲುಗುತ್ತದೆ. ಅಲುಗಿತೆಂದರೆ ಗುಮ್ಮ ಎಚ್ಚತ್ತ. ಬಿಳಿ ಗುಮ್ಮಟದ ಮೇಲಿನ ಮನೆಮನೆಯಂಥ ಗೆರೆಗಳು ಫ್ರೆನೆಲ್ ಮಸೂರಗಳು. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರದ ಮರಿಗಳು ಅವು. ದೀಪಸ್ತಂಭದಲ್ಲಿ ಬೆಳಕನ್ನು ಹೊರಗೆ ಕಳಿಸುತ್ತವೆ, ಇಲ್ಲಿ ಬಿಸಿಯನ್ನು ಒಳಗೆ ಕೂಡಿಸುತ್ತವೆ.

ಸೆನ್ಸರ್ ಕೊಡುವ ವಿದ್ಯುತ್ತು ಬಹಳ ಸಣ್ಣದು. ಅದರಿಂದಲೇ ಬಜರ್ ಕೂಗಲಾರದು. ಇಲ್ಲಿ ಟ್ರಾನ್ಸಿಸ್ಟರ್ ಬೇಕು. ಧೂಪದಾಳದ ಒಡ್ಡಿನಿಂದ ಕಾಲುವೆಗೆ ನೀರು ಬಿಡುವುದನ್ನು ನೆನೆಯಿರಿ. ತೂಬಿನ ಚಕ್ರ ತಿರುಗಿಸಲು ಒಬ್ಬನ ತೋಳಿನ ಬಲ ಸಾಕು. ಆದರೆ ಅದರಿಂದ ಹರಿಯುವ ನೀರು ಊರೂರಿನ ಹೊಲ ತೋಯಿಸುತ್ತದೆ. ಬೇಸ್ ಆ ಚಕ್ರ. ಕಲೆಕ್ಟರಿನಿಂದ ಎಮಿಟರಿಗೆ ಹರಿಯುವುದು ಕಾಲುವೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಸಣ್ಣ ತೂಬು ಇಲ್ಲದಿದ್ದರೆ ಇಂದಿನ ರೇಡಿಯೋ, ಟಿವಿ, ಕಂಪ್ಯೂಟರ್ ಯಾವುದೂ ಈ ರೂಪದಲ್ಲಿ ಇರುತ್ತಿರಲಿಲ್ಲ.

ಗುಮ್ಮನಿಗೆ ಪರೀಕ್ಷೆ

ಕೂಗಿಸಿ ನಕ್ಕು ಬಿಟ್ಟರೆ ಅರ್ಧ ಕೆಲಸವಾದಂತೆ. ಉಳಿದರ್ಧ ಇಲ್ಲಿದೆ. ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋಗಿ.

ಎದುರು ಕಲ್ಲಿನಂತೆ ಅಲುಗದೆ ನಿಲ್ಲಿ. ಕಣ್ಣು ಮುಚ್ಚಿದ ಗುಮ್ಮ ಮತ್ತೆ ತೆರೆಯುವುದಿಲ್ಲ. ಮೈ ಬಿಸಿಯಿದ್ದರಷ್ಟೇ ಸಾಲದು, ಅದು ಜಾಗ ಬದಲಿಸಬೇಕು.

ನೇರವಾಗಿ ಅವನ ಕಡೆಗೆ ನಡೆದು ಬನ್ನಿ. ಆಮೇಲೆ ಅಷ್ಟೇ ದೂರದಲ್ಲಿ ಅಡ್ಡ ಹಾಯಿರಿ. ಅಡ್ಡ ಹಾಯುವವರನ್ನು ಅವನು ಬೇಗ ಗುರುತಿಸುತ್ತಾನೆ. ತಕ್ಕಡಿಯ ಮಾತು ನೆನಪಿದ್ದರೆ ಕಾರಣ ಹೊಳೆಯುತ್ತದೆ.

ಕಿಟಕಿಯ ಗಾಜಿನ ಹಿಂದೆ ಗುಮ್ಮನನ್ನು ಕೂಡಿಸಿ, ಹೊರಗೆ ಓಡಾಡಿ. ನಿಮಗೆ ಅವನು ಕಾಣುತ್ತಾನೆ, ಅವನಿಗೆ ನೀವು ಕಾಣುವುದಿಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಬಿಡುವ ಗಾಜು ಮೈಯಿಂದ ಹೊರಡುವ ಉದ್ದನೆಯ ಅವಕೆಂಪು ಅಲೆಗಳನ್ನು ತಡೆಯುತ್ತದೆ.

ಬೇಸಿಗೆಯ ಮಧ್ಯಾಹ್ನ ಒಮ್ಮೆ, ನಸುಕಿನಲ್ಲಿ ಒಮ್ಮೆ ನೋಡಿ. ಗೋಡೆ, ನೆಲ ಎಲ್ಲ ಮೈಯಷ್ಟೇ ಬಿಸಿಯಾದಾಗ ಅವನಿಗೆ ಮನುಷ್ಯನನ್ನು ಬೇರೆ ಮಾಡಿ ಕಾಣುವುದು ಕಷ್ಟ. ತಂಪು ಹೊತ್ತಿನಲ್ಲಿ ಅವನ ಕಣ್ಣು ಚುರುಕು.

ಕೊನೆಯದು ಮುಖ್ಯವಾದದ್ದು. ಬಟ್ಟೆಯ ಗೊಂಬೆಯೊಂದನ್ನು ಉದ್ದ ಕೋಲಿನ ತುದಿಗೆ ಕಟ್ಟಿ, ನೀವು ಗೋಡೆಯ ಮರೆಯಲ್ಲಿ ನಿಂತು, ಅವನೆದುರು ಅತ್ತಿತ್ತ ಆಡಿಸಿ. ಕೋಣೆಯ ಗಾಳಿಯಷ್ಟೇ ಬಿಸಿಯಿರುವ ಆ ಗೊಂಬೆ ಎಷ್ಟು ಕುಣಿದರೂ ಗುಮ್ಮ ಸುಮ್ಮನಿರುತ್ತಾನೆ. ಆಮೇಲೆ ಅದೇ ಕೋಲಿಗೆ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಸಣ್ಣ ಸ್ಟೀಲಿನ ಡಬ್ಬಿಯನ್ನು ಒದ್ದೆ ಬಟ್ಟೆ ಸುತ್ತಿ ಕಟ್ಟಿ ಆಡಿಸಿ. ಕೂಡಲೇ ಕೂಗುತ್ತಾನೆ. ಬಿಸಿನೀರನ್ನು ದೊಡ್ಡವರೇ ತುಂಬಿಕೊಡಲಿ. ಎಂದರೆ ಇವನು ಕಾಣುವುದು ಬಿಸಿಯುಳ್ಳ, ಅಲುಗುವ ವಸ್ತುವನ್ನು. ಮನುಷ್ಯ, ನಾಯಿ, ಬೆಕ್ಕು, ಆಕಳು. ರಾತ್ರಿ ಗುಮ್ಮ ಕೂಗಿದರೆ ಹುಡುಗ ಧೈರ್ಯವಾಗಿ ಹೇಳಬಹುದು, ಅಲ್ಲಿ ಬಂದದ್ದು ಬಿಸಿ ಮೈಯ ಯಾವುದೋ ಪ್ರಾಣಿ ಎಂದು. ಹೋಗಿ ನೋಡಿದರೆ ಬೆಕ್ಕು ಸಿಕ್ಕೀತು.

ಪಾಲಕರಿಗೆ ನಾಲ್ಕು ಮಾತು

ಇದು ಪೆನ್ಸಿಲ್ ಸೆಲ್ಲಿನ 6 ವೋಲ್ಟಿನ ಆಟ. ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಇದರ ಯಾವ ವೈರನ್ನೂ ಒಯ್ಯಬಾರದು. ಈ ಒಂದು ಮಾತಿನಲ್ಲಿ ರಿಯಾಯಿತಿ ಇಲ್ಲ. ಗುಂಡಿಯಂಥ ಸಣ್ಣ ಸೆಲ್ಲುಗಳನ್ನು ಬಳಸಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೆ ಅಪಾಯ.

ಗುಮ್ಮನನ್ನು ಮೆಟ್ಟಿಲ ಬಳಿ, ಬಾವಿಯ ಬಳಿ, ಸೈಕಲ್ಲು ಬರುವ ಹಾದಿಯಲ್ಲಿ ಇಡಬಾರದು. ಬೆಚ್ಚಿದವರು ಹಿಂದೆ ಹೆಜ್ಜೆ ಹಾಕುತ್ತಾರೆ. ಹೃದಯದ ತೊಂದರೆಯಿರುವ ಹಿರಿಯರ ಎದುರು ಈ ಆಟ ಬೇಡವೇ ಬೇಡ. ತೀರ ಚಿಕ್ಕ ಮಕ್ಕಳಿಗೆ ಮೊದಲು ಡಬ್ಬಿ ಬಿಚ್ಚಿ ಒಳಗಿನ ವೈರು ತೋರಿಸಿ, ಆಮೇಲೆ ಕೂಗಿಸಬೇಕು.

ಮೊದಲ ಸಲಕ್ಕೆ ಗುಮ್ಮ ಕೂಗದಿದ್ದರೆ ಬೈಯಬೇಡಿ. ಮೊದಲ ಸಲ ಕೂಗುವುದೇ ಅಪರೂಪ. ಎಲ್‌ಇಡಿಯ ಕಾಲು ತಿರುಗಿದೆಯೇ, ಟ್ರಾನ್ಸಿಸ್ಟರಿನ ಮುಖ ಹಿಂದುಮುಂದಾಗಿದೆಯೇ, ಸೆಲ್ಲು ಉಲ್ಟಾ ಆಗಿದೆಯೇ, ಯಾವುದಾದರೂ ವೈರು ಪಕ್ಕದ ಸಾಲಿನಲ್ಲಿ ಕೂತಿದೆಯೇ? ಒಂದೊಂದಾಗಿ ಮಗುವೇ ಹುಡುಕಲಿ. ತಂದೆ ಕಸಿದುಕೊಂಡು ಸರಿಮಾಡಿದರೆ ಗುಮ್ಮ ಕೂಗುತ್ತಾನೆ, ಮಗು ಕಲಿಯುವುದಿಲ್ಲ. ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ನೋಡುವ ತಾಳ್ಮೆ ಪಾಲಕರ ಪಾಲಿನ ಪಾಠ.

ಗುಮ್ಮ ದೀಪವಾಗುವ ಹೊತ್ತು

ಗೋಕಾಕ ಫಾಲ್ಸ್ ಎಂಬ ಊರು ಬೆಳೆದದ್ದೇ ಒಂದು ಹತ್ತಿ ಗಿರಣಿಯ ಸುತ್ತ. 1887ರ ಹೊತ್ತಿಗೆ ಇಲ್ಲಿ ಧುಮುಕುವ ನೀರಿನ ಬಲವನ್ನು ಗಿರಣಿಯ ಕೆಲಸಕ್ಕೆ ಹೂಡಲಾಯಿತು. ಅದಕ್ಕೂ ಮೊದಲು ಸಾವಿರಾರು ವರ್ಷ ಅದೇ ನೀರು ಅದೇ ಬಂಡೆಯಿಂದ ಬೀಳುತ್ತಿತ್ತು. ಸುಳಿಗೆ ಸಿಕ್ಕವರನ್ನು ಎಳೆದೊಯ್ಯುವ, ನೋಡಿದರೆ ಎದೆ ನಡುಗುವ ನೀರು. ಅದನ್ನು ಅರಿತವರು ಅದರ ಕೈಯಲ್ಲಿ ನೂಲು ತೆಗೆಸಿದರು. ಅಂಜಿಕೆಯ ವಸ್ತುವನ್ನು ಹತ್ತಿರದಿಂದ ನೋಡಿ ಅರಿತಾಗ ಅದು ದುಡಿಯುವ ವಸ್ತುವಾಗುತ್ತದೆ ಎಂಬುದಕ್ಕೆ ಈ ಊರಿನವರಿಗೆ ಬೇರೆ ಸಾಕ್ಷಿ ಬೇಡ.

ಗೋಕಾಕದವರೇ ಆದ ಸತೀಶ ಜಾರಕಿಹೊಳಿ ಅವರು ಸಚಿವರಾಗಿದ್ದಾಗ, 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಅವರು ತೀರಿಕೊಂಡ ದಿನ, ಬೆಳಗಾವಿಯ ಸ್ಮಶಾನದಲ್ಲಿ ಜನರೊಡನೆ ಊಟ ಮಾಡಿ ಅಲ್ಲಿಯೇ ರಾತ್ರಿ ಕಳೆದರು. ದೆವ್ವದ ಅಂಜಿಕೆ ಸುಳ್ಳೆಂದು ತೋರಿಸುವುದು ಉದ್ದೇಶವಾಗಿತ್ತು. ಪತ್ರಿಕೆಗಳು ಅದನ್ನು ಬರೆದವು. ದೊಡ್ಡವರಿಗೆ ಸ್ಮಶಾನವಿದ್ದಂತೆ ಎಂಟು ವರ್ಷದವನಿಗೆ ಹಿತ್ತಲು. ಅವನನ್ನು ಬೈದು, ನಕ್ಕು, ಕತ್ತಲೆಗೆ ನೂಕಿದರೆ ಅಂಜಿಕೆ ಹೋಗದು. ಅಂಜಿಕೆಯನ್ನು ಮುಚ್ಚಿಡುವುದನ್ನು ಕಲಿತಾನು, ಅಷ್ಟೆ. ಮುಚ್ಚಿಟ್ಟ ಅಂಜಿಕೆ ದೊಡ್ಡವನಾದ ಮೇಲೆ ತಾಯಿತ ಮಾರುವವರ, ಮಾಟ ತೆಗೆಯುವವರ ಬಾಗಿಲಿಗೆ ಕರೆದೊಯ್ಯುತ್ತದೆ.

ಈಗ ಆ ಹುಡುಗನ ಕೈಗೆ ಕೊನೆಯ ಕೆಲಸ ಕೊಡಿ. ಆಟ ಸಾಕೆನಿಸಿದ ದಿನ ಅವನು ಎರಡು ಕೆಂಪು ದೀಪ ಕಿತ್ತು, ಅದೇ ಜಾಗದಲ್ಲಿ ಎರಡು ಬಿಳಿ ಎಲ್‌ಇಡಿ ಕೂಡಿಸಲಿ. ರೆಸಿಸ್ಟರ್ ಅವೇ ಇರಲಿ. ಬಜರ್ ತೆಗೆದುಬಿಡಲಿ. ಹೊತ್ತಿನ ತಿರುಪನ್ನು ಒಂದೆರಡು ನಿಮಿಷಕ್ಕೆ ತಿರುಗಿಸಲಿ. ಡಬ್ಬಿಯನ್ನು ಹಿತ್ತಲ ಬಾಗಿಲ ಮೇಲೆ, ಮಳೆ ತಾಕದಂತೆ ಸೂರಿನ ಕೆಳಗೆ ಕಟ್ಟಲಿ. ಸುಮ್ಮನೆ ಕಾಯುವಾಗ ಸೆನ್ಸರ್ ನುಂಗುವ ವಿದ್ಯುತ್ತು ಒಂದು ಮಿಲಿಯಾಂಪಿಯರಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಆದ್ದರಿಂದ ಸೆಲ್ಲು ಬಹುದಿನ ಬಾಳುತ್ತದೆ.

ಮುಂದಿನ ಸಲ ಕರೆಂಟು ಹೋದ ರಾತ್ರಿ ಅವನು ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟರೆ ಸಾಕು, ಅಂಗಳದಲ್ಲಿ ಬಿಳಿ ಬೆಳಕು ಚೆಲ್ಲುತ್ತದೆ. ಅದು ಹೊತ್ತಿದ್ದು ಅವನದೇ ಮೈಯ ಬಿಸಿಯಿಂದ ಎಂದು ಅವನಿಗೆ ಗೊತ್ತು. ಅವ್ವ ಒಳಗಿನಿಂದ ಕೇಳಬಹುದು.

"ನಾ ಬರಲೇನೋ?"

"ಬ್ಯಾಡ ಬಿಡವಾ. ಗುಮ್ಮ ದೀಪಾ ಹಿಡದಾನ."